ನನ್ನ ಕಡೆಗೆ ಮುಖ ಮಾಡಿದ ಅಲಗು

ಕಳೆದ ಶ್ರಾವಣದ ಮೊದಲ ಸೋಮವಾರ ಗುಡಿಯಲ್ಲಿ ನನಗೆ ಕುರ್ಚಿ ಕೊಟ್ಟರು.

ಕುರ್ಚಿ ಕೊಟ್ಟರೆ ಯಾರಿಗಾದರೂ ಸಂತೋಷವಾಗಬೇಕು. ನನಗೆ ಮೈಯೆಲ್ಲ ಉರಿಯಿತು. ಬೀದರಿನ ನಮ್ಮ ಓಣಿಯ ಗುಡಿಯಲ್ಲಿ ಶ್ರಾವಣದ ಪ್ರತಿ ಸೋಮವಾರ ಪ್ರಸಾದ ಇರುತ್ತದೆ. ಅಡುಗೆ ಓಣಿಯ ಹೆಂಗಸರದೇ. ಬೆಳಗಿನ ಪೂಜೆ ಮುಗಿದ ಮೇಲೆ ಗುಡಿಯ ಹಿಂದಿನ ತಗಡಿನ ಚಪ್ಪರದ ಕೆಳಗೆ ತಂತಮ್ಮ ಈಳಿಗೆ ತಂದು ಸಾಲಾಗಿ ಕೂತು ತುಂಬುಗಾಯಿಗೆ ಬದನೆಕಾಯಿ ಕೊಯ್ಯುತ್ತೇವೆ. ಮದುವೆಯಾಗಿ ಬಂದ ವರ್ಷದಿಂದ ಆ ಸಾಲಿನಲ್ಲಿ ನನ್ನ ಜಾಗವಿದೆ, ನೀರಿನ ಟಾಕಿಯ ಪಕ್ಕ, ಬಲಗಡೆಯಿಂದ ಎರಡನೆಯದು. ದೇವರ ಮುಂದೆ ಹಾಡಲು ನನಗೆ ಕಂಠವಿಲ್ಲ, ಪುರಾಣ ಹೇಳುವಷ್ಟು ಓದಿಲ್ಲ. ನಾನು ಶಿವನಿಗೆ ಒಪ್ಪಿಸುತ್ತಿದ್ದದ್ದು ಬದನೆಕಾಯಿ. ಸೀಳು ತೊಟ್ಟಿನವರೆಗೆ ಹೋಗಬೇಕು, ತೊಟ್ಟನ್ನು ದಾಟಬಾರದು. ದಾಟಿದರೆ ಕಾಯಿ ಬಿಚ್ಚಿಕೊಂಡು ತುಂಬಿದ ಮಸಾಲೆಯೆಲ್ಲ ಎಣ್ಣೆಯ ಪಾಲು. ನನ್ನ ಕಾಯಿ ಬಿಚ್ಚಿಕೊಂಡದ್ದನ್ನು ಆ ಓಣಿಯಲ್ಲಿ ಯಾರೂ ಕಂಡಿಲ್ಲ.

ಕುರ್ಚಿ ಹಾಕಿಸಿದವಳು ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಪಕ್ಕದ ಮನೆಯವಳು. ಪ್ರಸಾದದ ಅಡುಗೆಯ ಯಜಮಾನಿಕೆ ಅವಳದು.

"ನೀ ಇಲ್ಲೇ ಕುಂದ್ರ ತಂಗಿ. ಬಂದವರಿಗಿ ಚಪ್ಪಲಿ ಹೊರಗ ಬಿಡ್ರಿ ಅಂತ ಹೇಳು, ಸಾಕು."

"ಅಕ್ಕಾ, ನಾ ಚಪ್ಪಲಿ ಕಾಯಾಕ ಬಂದಿಲ್ಲ."

"ಮತ್ತ ಏನ್ ಮಾಡ್ತಿ? ಮೊನ್ನಿ ನಮ್ಮನ್ಯಾಗ ನಿನ್ನ ಕೈಯಾಗಿಂದ ಸೌಟು ಬಿತ್ತು. ಇಲ್ಲಿ ಇಳಗಿ ಮ್ಯಾಲ ನೀನೇ ಬಿದ್ದಿ ಅಂದ್ರ? ದೇವರ ಅಡಗಿಗಿ ರಕ್ತ ಹತ್ತಿದ್ರ ಅಷ್ಟೂ ಚೆಲ್ಲಬೇಕಾಗ್ತದ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ಹೆಚ್ಚು ಉರಿಯಿತು.

ಅದರ ಹಿಂದಿನ ಚಳಿಗಾಲದಲ್ಲಿ ಭಾಲ್ಕಿಗೆ, ನನ್ನ ತವರಿಗೆ ಹೋಗಿದ್ದೆ. ಬಚ್ಚಲ ಮುಂದಿನ ಫರಸಿ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪಟ್ಟಿ ಬಿಚ್ಚಿದಾಗ ಎಲುಬು ಕೂಡಿತ್ತು, ಬೆರಳು ಮಾತ್ರ ಮೊದಲಿನವಲ್ಲ. ಕೊನೆಯ ಮೂರು ಬೆರಳು ಅರ್ಧ ಮಡಚುತ್ತವೆ, ಅಲ್ಲಿಗೆ ನಿಲ್ಲುತ್ತವೆ. ಹೆಬ್ಬೆರಳಿಗೆ ಒತ್ತುವ ಬಲವಿಲ್ಲ. ಡಾಕ್ಟರು ರಬ್ಬರ್ ಚೆಂಡು ಹಿಸುಕಲು ಹೇಳಿದರು. ಆರು ತಿಂಗಳು ಹಿಸುಕಿದೆ. ಚೆಂಡು ಮೆತ್ತಗಾಯಿತು, ಬೆರಳು ಆಗಲಿಲ್ಲ.

ಆದರೂ ನಾನು ದೇವರ ಜೊತೆ ಜಗಳಕ್ಕೆ ಹೋಗಲಿಲ್ಲ. ಮುಂಜಾನೆ ಪೂಜೆಗೆ ಇಷ್ಟಲಿಂಗ ಕೂರುವುದು ನನ್ನ ಎಡ ಅಂಗೈಯಲ್ಲಿ. ಬಿದ್ದದ್ದು ಬಲಗೈ ಊರಿ. ಎಡಗೈ ಮುರಿದಿದ್ದರೆ? ಹಾಗಾಗಲಿಲ್ಲ. ಇಂಥದ್ದನ್ನು ನಾನು ಎಣಿಸಿಟ್ಟುಕೊಳ್ಳುತ್ತೇನೆ. ಪತ್ರಿ ಏರಿಸುವಾಗ ಬಲಗೈ ನಡುಗಿ ಒಂದೆರಡು ಎಲೆ ಕೆಳಗೆ ಬೀಳುತ್ತವೆ. ಎತ್ತಿ ಮತ್ತೆ ಏರಿಸುತ್ತೇನೆ. ಅವನಿಗೆ ಅವಸರವಿದ್ದಂತೆ ಕಾಣುವುದಿಲ್ಲ.

ಅವಸರ ಮನುಷ್ಯರಿಗೆ. ಮನೆಯಲ್ಲಿ ಸೊಸೆ ಒಳ್ಳೆಯವಳು, ದಾರ ಎಳೆದರೆ ಉಳ್ಳಾಗಡ್ಡಿ ಪುಡಿಯಾಗುವ ಪ್ಲಾಸ್ಟಿಕ್ ಡಬ್ಬಿ ತಂದುಕೊಟ್ಟಳು. ಅದರಲ್ಲಿ ತುಂಬುಗಾಯಿ ಸೀಳಲು ಬರುತ್ತದೆಯೇ? ಈಳಿಗೆಗೆ ಎರಡೂ ಕೈ ಬೇಕು, ಕಾಯನ್ನು ಅಲಗಿನ ಮೇಲೆ ಒತ್ತಬೇಕು, ನನ್ನ ಮಣಿಕಟ್ಟು ಆ ಒತ್ತಿಗೆ ಬಗ್ಗುವುದಿಲ್ಲ. ಆದರೆ ಒಂದು ವಿಷಯ ನನಗೆ ಹೊಳೆದಿತ್ತು. ಸೌಟಿನ ಹಿಡಿ ಜಾರುತ್ತದೆ, ಲಟ್ಟಣಿಗೆ ಜಾರುವುದಿಲ್ಲ. ಚಮಚ ಬೀಳುತ್ತದೆ, ತಂಬಿಗೆಯ ಕೊರಳು ಕೈಯಲ್ಲೇ ಇರುತ್ತದೆ. ಅಂದರೆ ಕೈ ಸತ್ತಿರಲಿಲ್ಲ, ಸಣಕಲು ವಸ್ತುಗಳ ಮೇಲೆ ಮುನಿಸಿಕೊಂಡಿತ್ತು ಅಷ್ಟೇ. ದಪ್ಪ ಹಿಡಿಕೆಯ ಚಾಕು ಸಿಕ್ಕರೆ ನಾನು ಕೊಯ್ಯಬಲ್ಲೆ. ಕುರ್ಚಿಯ ಮೇಲೆ ಕೂತು ಚಪ್ಪಲಿ ನೋಡುತ್ತ ನೋಡುತ್ತ ಇದನ್ನೇ ಯೋಚಿಸಿದೆ. ಆ ಶ್ರಾವಣಕ್ಕೆ ಇನ್ನು ಮೂರು ಸೋಮವಾರ ಉಳಿದಿದ್ದವು. ಒಂದು ಶ್ರಾವಣ ಕುರ್ಚಿಯಲ್ಲಿ ಕಳೆದರೆ ಮುಂದಿನ ಶ್ರಾವಣದಲ್ಲಿ ಟಾಕಿಯ ಪಕ್ಕದ ಜಾಗ ಬೇರೆಯವರದು. ಯಾರೂ ಜಗಳವಾಡಿ ತೆಗೆದುಕೊಳ್ಳುವುದಿಲ್ಲ, ಸುಮ್ಮನೆ ಕೂತುಬಿಡುತ್ತಾರೆ.

ನನ್ನ ಗಂಡ ಊರ ಹೊರಗಿನ ಕೊಳಾರದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಮರುದಿನ ಸಂಜೆ ಮಡಚುವ ಚಾಕು ಒಂದನ್ನು ತಂದರು. ಕಪ್ಪು ಹಿಡಿಕೆ, ಕಿಸೆಗೆ ಸಿಕ್ಕಿಸಲು ಕ್ಲಿಪ್ಪು, ಹಿಡಿಕೆಯ ಕೆಳಗೆ ನಾಲ್ಕು ತಗ್ಗು.

"ಇದು ಹಿಡಿ. ನಮ್ಮಲ್ಲಿ ಪೆಟಿಗಿ ಪಟ್ಟಿ ಕೊಯ್ಯಾಕ ಎಲ್ಲಾರೂ ಇದೇ ಇಟ್ಕೊಂಡಾರ. ಬೆರಳಿಗಿ ಜಾಗಾ ಸುದ್ದಾ ಮಾಡ್ಯಾರ ನೋಡು."

"ಯಾರ ಬೆರಳಿಗ್ರಿ?"

"ಯಾರ ಬೆರಳಿಗಂದ್ರ? ಬೆರಳಿಗಿ!"

ಹಿಡಿದು ನೋಡಿದೆ. ನನ್ನ ಒಂದು ಬೆರಳೂ ಅವರು ಮಾಡಿದ ಜಾಗದಲ್ಲಿ ಕೂರಲಿಲ್ಲ. ತಗ್ಗು ತಗ್ಗಿನ ನಡುವಿನ ಏಣು ನನ್ನ ಬೆರಳ ಗಂಟುಗಳನ್ನೇ ಹುಡುಕಿ ಚುಚ್ಚಿತು. ಬರಿ ದುಂಡು ಹಿಡಿಕೆಯಾದರೆ ಬೇಕಾದಂತೆ ಹಿಡಿದುಕೋ ಎಂದು ಬಿಡುತ್ತದೆ. ತಗ್ಗು ತೋಡಿದ ಹಿಡಿಕೆ ಹುಕುಂ ಮಾಡುತ್ತದೆ, ಹೀಗೇ ಹಿಡಿ ಅನ್ನುತ್ತದೆ. ಯಾರೋ ದೊಡ್ಡ ಕೈಯ ಗಂಡಸನ್ನು ಕೂರಿಸಿಕೊಂಡು ಅದನ್ನು ಮಾಡಿರಬೇಕು. ನಾನು ಅದನ್ನು ಮಡಚಿ ವಾಪಸು ಕೊಟ್ಟೆ. ಅವರಿಗೆ ಬೇಸರವಾಯಿತು, ಆಗಲಿ.

ಆಮೇಲೆ ಟ್ರಂಕಿನಿಂದ ಲಿಂಬೆಕಾಯಿ ಚಾಕು ತೆಗೆದೆ. ನಮ್ಮ ಕಡೆ ಮದುಮಗ ಅರಿಸಿನ ಹಚ್ಚಿಸಿಕೊಂಡ ಹೊತ್ತಿನಿಂದ ಮದುವೆ ಮುಗಿಯುವವರೆಗೆ ಕೈಯಲ್ಲಿ ಕಬ್ಬಿಣ ಬಿಡುವಂತಿಲ್ಲ. ಚಾಕುವಿನ ತುದಿಗೆ ಲಿಂಬೆಕಾಯಿ ಚುಚ್ಚಿ ಹಿಡಿದುಕೊಂಡು ತಿರುಗುತ್ತಾನೆ. ನನ್ನ ಗಂಡ ಹಿಡಿದದ್ದು ಮೀನಿನ ಆಕಾರದ ಹಿತ್ತಾಳೆ ಹಿಡಿಕೆಯ ಮಡಚುವ ಚಾಕು. ಅಲಗು ಒಳ್ಳೆಯ ಉಕ್ಕಿನದು. ಹಿಡಿಕೆ ಮಾತ್ರ ನುಣುಪು, ತೆಳ್ಳಗೆ, ನೋಡುವವರಿಗಾಗಿ ಮಾಡಿದ್ದು.

"ಅದು ನನ್ನ ಲಗ್ನದ ಚಕ್ಕು," ಎಂದರು ಇವರು. "ಅದರಿಂದ ಬದನಿಕಾಯಿ ಕೊಯ್ತಿ?"

"ಮೂರು ದಿನ ಲಿಂಬಿಕಾಯಿ ಹೊತ್ತು ಮೂವತ್ತು ವರ್ಷ ಮಲಗ್ಯಾದರಿ. ಇನ್ನ ಜರಾ ಎದ್ದು ದುಡೀಲಿ."

"ಚಕ್ಕಿಗಿ ಅಂದಿಯೋ, ನನಗ ಅಂದಿಯೋ?"

"ಯಾರಿಗಿ ಹತ್ತತದೋ ಅವರಿಗಿ."

ಹಿಡಿಕೆ ದಪ್ಪವಾಗಲೆಂದು ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದೆ. ಕೈಗೆ ಹಿತವಾಯಿತು. ಮಡಚಲು ಹೋದರೆ ಅಲಗು ಕೂರುವ ಸೀಳನ್ನೇ ಮುಚ್ಚಿಬಿಟ್ಟಿದ್ದೆ! ತೆರೆದ ಅಲಗನ್ನು ಚೀಲದಲ್ಲಿ ಹಾಕಿಕೊಂಡು ಗುಡಿಗೆ ಹೋಗಲಾಗುತ್ತದೆಯೇ? ಸೀಳು ಬಿಟ್ಟು ಸುತ್ತಿದರೆ ರಬ್ಬರು ನಿಲ್ಲಲಿಲ್ಲ. ಇಂಥ ಚಾಕುವಿನ ಹಿಡಿಕೆ ಎರಡು ಕೆಲಸ ಮಾಡಬೇಕು, ಕೈಗೆ ಹಿಡಿಕೆಯಾಗಬೇಕು, ಅಲಗಿಗೆ ಮನೆಯಾಗಬೇಕು. ಒಂದಕ್ಕೆ ಅನುಕೂಲ ಮಾಡಿದರೆ ಇನ್ನೊಂದಕ್ಕೆ ತಕರಾರು. ಎರಡನೆಯ ಸೋಮವಾರ ನಾನು ಕುರ್ಚಿಗೆ ಹೋಗಲಿಲ್ಲ. ನಿಂತುಕೊಂಡು ನೀರು ಕೊಟ್ಟೆ. ನೆಗೆಣ್ಣಿ ನೋಡಿದಳು.

ಅದೇ ವಾರ ಟ್ಯೂಬು ಬಿಚ್ಚಿದ ಚಾಕುವನ್ನೂ ಕಟ್ಟಿಕೊಂಡು ಸಂತಪುರದಲ್ಲಿರುವ ನನ್ನ ತಂಗಿಯ ಮನೆಗೆ ಹೋದೆ. ಔರಾದಿನಲ್ಲಿ ಕುಡುಗೋಲು, ಖುರಪಿಗೆ ಹಿಡಿಕೆ ಹಾಕುವ ಮುದುಕರೊಬ್ಬರಿದ್ದಾರೆ ಎಂದು ಅವಳು ಹೇಳಿದಳು. ಹೊರಡುವಾಗ ಹೊಸದಾಗಿ ಬೀಸಿಸಿದ ಜೋಳದ ಹಿಟ್ಟು ಒಂದು ಚೀಲ ಕೊಟ್ಟಳು. ಚೀಲವನ್ನು ಎಡಗೈಯಲ್ಲಿ ಹಿಡಿದುಕೊಂಡೇ ಔರಾದ್ ಬಸ್ಸು ಹತ್ತಿದೆ.

ಆ ಚಾಚಾ ಚಾಕುವನ್ನು ತಿರುಗಿಸಿ ನೋಡಿದರು. ಉಗುರಿನಿಂದ ಅಲಗು ಎತ್ತಿದರು, ಬಿಟ್ಟರು, ಟಪ್ಪೆಂದು ಕೂತಿತು.

"ಒಳಗಿನ ಸ್ಪ್ರಿಂಗ್ ಪಟ್ಟಿ ಇನ್ನ ಮಜಬೂತ ಅದ. ಹಿತ್ತಾಳಿ ತೆಗದು ಕಟಗಿ ಹಾಕ್ತೇನಿ. ಜಾಲಿ ಕಟಗಿ. ನಿಮ್ಮ ಕೈ ಅಳತಿ ಬೇಕಲಾ ತಂಗೆವ್ವಾ."

ಪರಹೆಂಗಸಿನ ಕೈ ಮುಟ್ಟಿ ಅಳತೆ ತೆಗೆದುಕೊಳ್ಳುವವರಲ್ಲ ಅವರು. ಹಸಿ ಮಣ್ಣು ಇದ್ದರೆ ಅದನ್ನು ಹಿಸುಕಿ ಗುರುತು ಕೊಡಬಹುದಿತ್ತು ಎಂದರು. ಮಣ್ಣು ಇರಲಿಲ್ಲ. ನನ್ನ ಹತ್ತಿರ ಹಿಟ್ಟಿತ್ತು.

"ಚಾಚಾ, ಒಂದು ಗಿಲಾಸು ಬಿಸಿನೀರು ಸಿಗ್ತದ ಏನ್ರಿ?"

ಪಕ್ಕದ ಚಹಾದ ಅಂಗಡಿಯಿಂದ ಕುದಿನೀರು ಬಂತು. ತಂಗಿಯ ಜೋಳದ ಹಿಟ್ಟನ್ನು ತಟ್ಟೆಗೆ ಸುರಿದು, ಎಡಗೈಯಲ್ಲಿ ನಾದಿ, ಉಂಡೆ ಮಾಡಿದೆ. ಔರಾದಿನ ಬೀದಿಯಲ್ಲಿ ಕೂತು ರೊಟ್ಟಿಹಿಟ್ಟು ನಾದುವ ಹೆಂಗಸನ್ನು ನೋಡಲು ಇಬ್ಬರು ಮೂವರು ನಿಂತರು. ನೋಡಲಿ. ಉದ್ದುದ್ದ ಮಾಡಿ ಬಲಗೈಯಲ್ಲಿ ಹಿಸುಕಿದೆ. ಬೆರಳಿನ ಗುರುತು ಒಂದು ಕಡೆ, ಅಂಗೈಯ ಗುರುತು ಇನ್ನೊಂದು ಕಡೆ ಬಿತ್ತು. ಚಾಚಾ ಅದನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟರು.

"ರೊಟ್ಟಿ ಬಡಿಬ್ಯಾಡ್ರಿ ಮತ್ತ," ಎಂದೆ.

"ಹಸಿವಿ ಆಗೂದರಾಗ ಕೆಲಸ ಮುಗಸ್ತೇನಿ," ಎಂದರು.

ನಾಲ್ಕು ದಿನಕ್ಕೆ ಇವರು ಹೋಗಿ ತಂದರು. ಎಷ್ಟು ಚೆಂದದ ಹಿಡಿಕೆ! ಹೊಟ್ಟೆ ದಪ್ಪ, ಬಾಲ ಸ್ವಲ್ಪ ಬಾಗಿದ್ದು, ಅಗಸೆ ಎಣ್ಣೆ ಕುಡಿಸಿ ಜೇನಿನ ಬಣ್ಣ ಬಂದಿತ್ತು. ದೇವರ ಮುಂದಿಟ್ಟು ಕೈಮುಗಿದು ಅಡುಗೆಮನೆಗೆ ಹೋಗಿ ಬದನೆಕಾಯಿ ಎತ್ತಿಕೊಂಡೆ. ಚಾಕು ಹಿಡಿದೆ. ಹೊಂದಲಿಲ್ಲ. ಬೆರಳಿಗೆಂದು ಮಾಡಿದ ತಗ್ಗು ಅಂಗೈಗೆ ಬಂದಿತ್ತು, ಅಂಗೈಗೆಂದು ಮಾಡಿದ ನುಣುಪು ಬೆರಳಿಗೆ ಬಂದಿತ್ತು. ತಿರುಗಿಸಿ ಹಿಡಿದೆ. ಆಗ ಬೆರಳು ಪಾಡಾಗಿ ಕೂತವು. ಆದರೆ ಅಲಗಿನ ಬಾಯಿ ಆಚೆ ಹೋಯಿತು, ಅದರ ಬೆನ್ನು ನನ್ನ ಕಡೆಗಾಯಿತು.

ನಾನು ಅಳುವವಳಲ್ಲ. ಅವತ್ತು ಸ್ವಲ್ಪ ಅತ್ತೆ. ಮೂರನೆಯ ಸೋಮವಾರವೂ ನಿಂತೇ ಕಳೆದೆ.

ಮಂಗಳವಾರ ಚೀಲದಲ್ಲಿ ಚಾಕು, ನಾಲ್ಕು ಬದನೆಕಾಯಿ ಹಾಕಿಕೊಂಡು ಔರಾದಿಗೆ ಹೋದೆ. ಇವರು ಬೇಡವೆಂದರು. "ಒಂದು ಶ್ರಾವಣ ಹೋದ್ರ ಹೋಗ್ಲಿ. ದೇವರು ಸಿಟ್ಟಾಗಂಗಿಲ್ಲ," ಎಂದರು.

"ಅಂವ ಆಗಂಗಿಲ್ರಿ. ನಾ ಆಗ್ತೇನಿ."

ಚಾಚಾ ಹಿಡಿಕೆ ನೋಡಿದರು, ನನ್ನನ್ನು ನೋಡಿದರು.

"ಗುರುತಿನಂಗೇ ಮಾಡೇನಿ ತಂಗೆವ್ವಾ. ಕೂದಲೆಳಿ ಫರಕಿಲ್ಲ."

"ಉಲ್ಟಾ ಆಗ್ಯಾದರಿ."

"ಉಲ್ಟಾ ಹ್ಯಾಂಗಾಗ್ತದ? ಬೆರಳು ಅಲಗಿನ ಕಡಿ, ಅಂಗೈ ಬೆನ್ನಿನ ಕಡಿ. ಇಡೀ ದುನಿಯಾ ಹಂಗೇ ಹಿಡೀತದ."

ಅಲ್ಲೇ ಕಟ್ಟೆಯ ಮೇಲೆ ಕೂತೆ. ಎಡಗೈಯಲ್ಲಿ ಬದನೆಕಾಯಿ ತೊಟ್ಟು ಕೆಳಗಾಗಿ ಹಿಡಿದು, ಚಾಕುವಿನ ಬಾಯಿ ನನ್ನ ಕಡೆಗೆ ಮಾಡಿಕೊಂಡು, ಮೇಲಿಂದ ಎದೆಯ ಕಡೆಗೆ ಎಳೆದೆ. ಏಣು ಅಂಗೈಗೆ ಚುಚ್ಚುತ್ತಿತ್ತು, ಆದರೂ ಎಳೆದೆ. ಸೀಳು ಓರೆಯಾಯಿತು. ತೊಟ್ಟಿನ ಹತ್ತಿರ ನಿಲ್ಲಿಸಿದೆ.

ಅವರು ಮುಂದಕ್ಕೆ ಬಗ್ಗಿ ನೋಡಿದರು. "ನೀವು ಅಲಗು ನಿಮ್ಮ ಕಡಿ ಮಾಡ್ಕೊಂಡು ಕೊಯ್ತೀರಿ!"

"ಇಳಗಿ ಅಲಗು ಯಾರ ಕಡಿ ಇರ್ತದರಿ? ಅದರ ಮುಂದ ಕುಂತವರ ಕಡಿ. ಹತ್ತು ವರ್ಷದಾಕಿ ಇದ್ದಾಗಿಂದ ನಾ ಹಂಗೇ ಕೊಯ್ದೇನಿ. ಕೈ ಈಗ ದೂರ ತಳ್ಳು ಅಂದ್ರ ತಳ್ಳಂಗಿಲ್ಲ."

"ನಲವತ್ತು ವರ್ಷ ಹಿಡಿಕಿ ಹಾಕೇನಿ," ಎಂದರು ಚಾಚಾ. "ಯಾವ ಹೆಣ್ಮಗಳೂ ಹೇಳಿಲ್ಲ."

"ಯಾರಿಗರ ಕೇಳಿದ್ರಿ ಏನು?"

ಅವರು ಗಡ್ಡ ನೀವಿಕೊಂಡರು. ನಾನು ಹೆಚ್ಚು ಮಾತಾಡಿದೆನೇನೋ ಅನ್ನಿಸಿತು. ಆದರೆ ಆಡಿದ ಮಾತು ವಾಪಸು ತೆಗೆದುಕೊಳ್ಳಬೇಕೆಂದು ಅನ್ನಿಸಲಿಲ್ಲ. ತಪ್ಪು ನನ್ನದೂ ಇತ್ತು. ಹಿಟ್ಟಿನಲ್ಲಿ ಗುರುತು ಕೊಟ್ಟೆ, ಅಲಗು ಯಾವ ಕಡೆ ಎಂದು ಹೇಳಲಿಲ್ಲ. ಅದು ಹೇಳುವ ಸಂಗತಿಯೆಂದೇ ನನಗೆ ಗೊತ್ತಿರಲಿಲ್ಲ. ಅವರಿಗೆ ಕೇಳುವ ಸಂಗತಿಯೆಂದು ಗೊತ್ತಿರಲಿಲ್ಲ.

"ಇನ್ನೊಂದು ಬದನಿಕಾಯಿ ಕೊಯ್ರಿ," ಎಂದರು.

ಕೊಯ್ದೆ. ಮೂರನೆಯದನ್ನೂ ಕೊಯ್ಯಿಸಿದರು. ಈ ಸಲ ಅವರು ನೋಡಿದ್ದು ಕಾಯನ್ನಲ್ಲ, ನನ್ನ ಕೈಯನ್ನು. ಆಮೇಲೆ ಹಳೆಯ ಹಿಡಿಕೆಯ ರಿವೆಟ್ ಬಡಿದು ತೆಗೆದು ಹೊಸ ಜಾಲಿ ತುಂಡು ಎತ್ತಿಕೊಂಡರು. ಮಾಡುತ್ತ ಮಾಡುತ್ತ ತಮ್ಮಷ್ಟಕ್ಕೆ ಮಾತಾಡಿಕೊಂಡರು. ಮೂರು ಬೆರಳು ಮಡಚುವುದಿಲ್ಲವೆಂದರೆ ಮೂರಕ್ಕೂ ಬೇರೆ ಬೇರೆ ತಗ್ಗು ಏಕೆ, ಬೆನ್ನ ಮೇಲೆ ಒಂದೇ ಉದ್ದ ತಗ್ಗು ಸಾಕು. ಎಳೆಯುವಾಗ ಭಾರವೆಲ್ಲ ಅಲ್ಲಿಗೆ ಬರುತ್ತದೆ. ಅಲಗು ಕೂರುವ ಸೀಳಿನ ಎರಡೂ ತುಟಿ ಅಂಗೈ ಕಚ್ಚದಂತೆ ದುಂಡಗೆ ಉಜ್ಜಬೇಕು. ಅಲಗು ಶುರುವಾಗುವಲ್ಲಿ ಒಂದು ಮೆಟ್ಟಿಲಿರಬೇಕು, ಹೆಬ್ಬೆರಳು ಜಾರಿದರೂ ಅಲ್ಲಿಗೆ ನಿಲ್ಲಬೇಕು. ಅಲಗು ಎತ್ತಲು ಉಗುರು ಸಿಕ್ಕಿಸುವ ಗೀರನ್ನು ಅರದಿಂದ ಇನ್ನಷ್ಟು ಆಳ ಮಾಡಿದರು, ಎಡಗೈಯಿಂದ ತೆರೆಯಲು ಬರುವಂತೆ ಆ ಬದಿಗೂ ಒಂದು ಗೀರು ಹಾಕಿದರು. ಪಾಲಿಶ್ ಮಾಡಿ ಎಂದು ನಾನೇ ಕೇಳಿದೆ.

"ಮಾಡಂಗಿಲ್ಲ. ನಿಮ್ಮ ಕೈಗಿ ಎಣ್ಣಿ, ನೀರು ಹತ್ತಿರ್ತದ. ನುಣಪು ನೋಡಾಕ ಚೆಂದ, ಹಿಡೀಲಾಕ ದುಶ್ಮನ್."

ನಡುನಡುವೆ ನನ್ನ ಕೈಗೆ ಕೊಟ್ಟು ಗಾಳಿಯಲ್ಲಿ ಎಳೆಯಲು ಹೇಳುತ್ತಿದ್ದರು. ಎಲ್ಲಿ ಒತ್ತುತ್ತದೆ ಎಂದು ಕೇಳುತ್ತಿದ್ದರು. ನನ್ನ ಕೈಗೆ ಎಲ್ಲಿ ಒತ್ತುತ್ತದೆ ಎಂದು ಡಾಕ್ಟರು ಕೂಡ ಅಷ್ಟು ಸಲ ಕೇಳಿರಲಿಲ್ಲ. ಸಂಜೆ ಹೊಸ ಹಿಡಿಕೆಯ ಚಾಕು ಹಿಡಿದು ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟೂ ಸಿಕ್ಕಿತು. ಅದನ್ನೂ ಎಣಿಸಿದೆ.

ನಾಲ್ಕನೆಯ ಸೋಮವಾರ ಪೂಜೆ ಮುಗಿಸಿ ಗುಡಿಗೆ ಹೋದೆ. ಬಾಗಿಲ ಹತ್ತಿರ ಕುರ್ಚಿ ಇತ್ತು. ಅದರ ಪಕ್ಕದಿಂದ ನಡೆದು ಚಪ್ಪರದ ಕೆಳಗೆ ಹೋದೆ. ಟಾಕಿಯ ಪಕ್ಕದಲ್ಲಿ ಎದುರು ಮನೆಯ ಹೊಸ ಸೊಸೆ ಕೂತಿದ್ದಳು.

"ಜರಾ ಸರಿಯವ್ವಾ," ಎಂದೆ. ಪಾಪ, ಸರಿದಳು.

ನೆಗೆಣ್ಣಿ ಮಸಾಲೆ ಕಲಸುತ್ತಿದ್ದವಳು ಕತ್ತೆತ್ತಿದಳು. "ಇಳಗಿ ಎಲ್ಲದ ನಿಂದು?"

ಚೀಲದಿಂದ ಚಾಕು ತೆಗೆದು ಎಡಗೈ ಉಗುರಿನಿಂದ ತೆರೆದೆ. ಸಾಲಿನಲ್ಲಿ ಯಾರೋ ನಕ್ಕರು. "ವೈನಿ, ಅದು ಚಕ್ಕೋ ಬೆಲ್ಲದ ಅಚ್ಚೋ?"

"ಬೆಲ್ಲ ಅಂತ ಬಾಯಿಗಿ ಹಾಕೊಂಡಿ ನೋಡು ಮತ್ತ," ಎಂದೆ. ನಗು ಇನ್ನೂ ಜೋರಾಯಿತು. ನೆಗೆಣ್ಣಿ ನಗಲಿಲ್ಲ.

"ಜಿದ್ದು ಮಾಡಬ್ಯಾಡ ತಂಗಿ. ಇದು ದೇವರ ಅಡಗಿ."

"ದೇವರದೇ ಅಕ್ಕಾ. ಅದಕ್ಕೇ ಬಂದೇನಿ. ಒಂದು ಬುಟ್ಟಿ ಕೊಡ್ರಿ. ಒಂದೇ ಒಂದು ಹನಿ ರಕ್ತ ಬಂತಂದ್ರ ನಾನೇ ಹೋಗಿ ಕುರ್ಚಿ ಮ್ಯಾಲ ಕೂಡ್ತೇನಿ, ಸಾಯೂ ತನಕ."

ಅವಳು ಬುಟ್ಟಿಯನ್ನು ನನ್ನ ಮುಂದೆ ದೂಡಿದಳು. ಕೋಪದಿಂದಲೇ.

ಮೊದಲನೆಯದನ್ನು ಎಳೆದೆ. ಅಲಗು ನನ್ನ ಕಡೆಗೆ ಬಂತು, ತೊಟ್ಟಿನ ಮೇಲೆ ಬಂದು ನಿಂತಿತು. ತಿರುಗಿಸಿ ಅಡ್ಡ ಸೀಳಿದೆ. ನಾಲ್ಕು ಹೋಳು ಬಿಡಿಸಿ ನೋಡಿದೆ, ಹುಳವಿಲ್ಲ. ಉಪ್ಪುನೀರಿಗೆ ಬಿಟ್ಟೆ. ಎರಡನೆಯದು. ಮೂರನೆಯದಕ್ಕೆ ಹೆಬ್ಬೆರಳು ಜಾರಿ ಮೆಟ್ಟಿಲಿಗೆ ಬಂದು ನಿಂತಿತು. ನಾನು ಮನಸ್ಸಿನಲ್ಲೇ ಚಾಚಾಗೆ ಕೈಮುಗಿದೆ. ಉಳಿದವರು ಎರಡೆರಡು ಬುಟ್ಟಿ ಮುಗಿಸಿದಾಗ ನನ್ನದು ಅರ್ಧವಾಗಿತ್ತು. ಅವರ ಈಳಿಗೆಗಳು ತೊಳೆಸಿಕೊಂಡು ಗೋಡೆಗೆ ಒರಗಿದವು. ಕೈ ನೋಯತೊಡಗಿತು, ಮೊಣಕೈವರೆಗೆ. ನಿಲ್ಲಿಸಲಿಲ್ಲ.

"ಎಣ್ಣಿ ಕಾದದರಿ," ಎಂದು ಒಲೆಯ ಹತ್ತಿರದಿಂದ ಕೂಗಿದರು.

ಎದುರು ಮನೆಯ ಸೊಸೆ ಮೆಲ್ಲಗೆ ಕೈ ಚಾಚಿದಳು. "ಅತ್ತೀ, ನಾಕು ನನಗ ಕೊಡ್ರಿ, ಲಗೂ ಆಗ್ತದ."

"ಬ್ಯಾಡ ನನ್ನವ್ವ."

"ಎಣ್ಣಿ ಕಾದದ ಅಂತ!" ಈಗ ಕೂಗಿದವಳು ನೆಗೆಣ್ಣಿ.

"ಬೆಂಕಿ ಸಣ್ಣ ಮಾಡ್ರಿ ಅಕ್ಕಾ," ಎಂದೆ. ತಲೆ ಎತ್ತಲಿಲ್ಲ.

ಅವಳಿಗೆ ಹಾಗೆ ಯಾರೂ ಹೇಳಿರಲಿಲ್ಲ, ನಾನಂತೂ ಹೇಳಿರಲಿಲ್ಲ. ಆಮೇಲೆ ಒಲೆಯ ಸದ್ದು ಇಳಿಯಿತು. ಇನ್ನು ಹನ್ನೊಂದು ಕಾಯಿ ಉಳಿದಿದ್ದವು. ಹನ್ನೊಂದನ್ನೂ ನಾನೇ ಸೀಳಿದೆ. ಪ್ರಸಾದ ಅರ್ಧ ತಾಸು ತಡವಾಯಿತು. ಗುಡಿಯಲ್ಲಿ ಕಾಯುತ್ತಿದ್ದ ಮುದುಕರು ಒಂದಿಬ್ಬರು ಗೊಣಗಿದರಂತೆ. ಗರ್ಭಗುಡಿಯಲ್ಲಿದ್ದ ಅವನು ಗೊಣಗಲಿಲ್ಲ.

ನೆಗೆಣ್ಣಿ ಬಂದು ಉಪ್ಪುನೀರಿನ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ನನ್ನ ಕಾಯಿಗಳನ್ನು ಒಂದೊಂದೇ ಎತ್ತಿ ತೊಟ್ಟು ಹಿಡಿದು ಅಲ್ಲಾಡಿಸಿ ನೋಡಿದಳು. ಒಂದೂ ಬಿಚ್ಚಿಕೊಳ್ಳಲಿಲ್ಲ. ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. ಗಾಯವಿರಲಿಲ್ಲ. ಕೊನೆಗೆ ಚಾಕು ಎತ್ತಿಕೊಂಡು ತಾನೂ ಹಿಡಿದು ನೋಡಿದಳು. ಹೀಗೆ ಹಿಡಿದಳು, ಹಾಗೆ ಹಿಡಿದಳು. ಅವಳ ಐದು ಬೆರಳೂ ಚೆನ್ನಾಗಿ ಮಡಚುತ್ತವೆ, ಅದಕ್ಕೇ ಅದು ಅವಳ ಕೈಯಲ್ಲಿ ಕೂರಲಿಲ್ಲ.

"ಇದೆಂಥ ಹಿಡಿಕಿ ಮಾಡ್ಸಿದಿ ತಂಗಿ. ಯಾರ ಕೈಗೂ ಬರೂವಲ್ದು."

"ನನ್ನ ಕೈಗಿ ಬರ್ತದ ಅಕ್ಕಾ."

ಅವಳು ಅದನ್ನು ಮಡಚಿ ನನ್ನ ಮಡಿಲಲ್ಲಿ ಹಾಕಿ ಎದ್ದಳು. ಪಾತ್ರೆ ಎತ್ತಿಕೊಂಡು ಒಲೆಯ ಕಡೆಗೆ ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ಬರೂ ಶ್ರಾವಣಕ್ಕ ಒಂದು ತಾಸು ಮೊದಲ ಬಾ. ನಿನ್ನ ಸಂಬಂಧ ನಾ ಎಣ್ಣಿ ಕಾಸ್ಕೋತ ಕೂಡಂಗಿಲ್ಲ."

ಈ ಶ್ರಾವಣದ ಮೊದಲ ಸೋಮವಾರ ನಾನು ಒಂದೂವರೆ ತಾಸು ಮೊದಲೇ ಹೋದೆ.